ಸಾರಾಂಶಕ್ಕೆ ನಿಲ್ಲುವ ಓದು ಸಾಲದು

ನರ್ಸಿಂಗ್‌ನಲ್ಲಿ ಪಿಎಚ್‌ಡಿ ಮಾಡುವವರು ವಾರಕ್ಕೊಂದು ಸಂಶೋಧನಾ ಲೇಖನವನ್ನಾದರೂ ಓದಲೇಬೇಕು ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಆ ಮಾತು ನೂರಕ್ಕೆ ನೂರು ಸರಿ. ಆದರೆ ಹೇಗೆ ಓದಬೇಕು ಎಂಬುದನ್ನೂ ಅವರು ಬರೆಯಬೇಕಿತ್ತು.

ಮೊದಲ ವರ್ಷವಿಡೀ ನಾನು ಸಾರಾಂಶ, ಉಪಸಂಹಾರಗಳನ್ನಷ್ಟೇ ಓದಿ ಮುಗಿಸುತ್ತಿದ್ದೆ. ಒಮ್ಮೆ ಹಾಸಿಗೆ ಹುಣ್ಣಿನ (ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದ ರೋಗಿಗಳಿಗೆ ಆಗುವ ಹುಣ್ಣು) ಕುರಿತ ವಿದೇಶಿ ಲೇಖನವೊಂದನ್ನು ಹೊಗಳುತ್ತಿದ್ದಾಗ ಮಾರ್ಗದರ್ಶಕಿ ಮೇಡಂ ತಡೆದು, "ಅಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳಮ್ಮ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಧ್ಯಯನ ಹೇಗೆ ನಡೆಯಿತೆಂದು ಹೇಳುವ ವಿಧಾನದ ಭಾಗ ತೆರೆದು ನೋಡಿದರೆ, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್! ರಾತ್ರಿ ಪಾಳಿಯಲ್ಲಿ ಒಬ್ಬಳೇ 30 ಹಾಸಿಗೆಗಳನ್ನು ನೋಡಿಕೊಂಡವಳು ನಾನು. ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಿಸುವುದು ಎಷ್ಟು ಕಷ್ಟವೆಂದು ಬಲ್ಲೆ. ಅಂದಿನಿಂದ ಮೊದಲು ಓದುವುದು ವಿಧಾನ, ಮಾದರಿಯ ಗಾತ್ರ (ಎಷ್ಟು ಮಂದಿಯ ಮೇಲೆ ಅಧ್ಯಯನ ನಡೆಯಿತು ಎಂಬುದು), ಕೋಷ್ಟಕಗಳು; ಸಾರಾಂಶ ಕೊನೆಗೆ.

'ನರ್ಸಿಂಗ್ ರಿಸರ್ಚ್' ಎಂಬ ಸಂಶೋಧನಾ ಪತ್ರಿಕೆ ಅಮೆರಿಕದಲ್ಲಿ 1952ರಲ್ಲೇ ಶುರುವಾಯಿತು. ಹಾಗಾಗಿ ಓದಲು ಸಾಮಗ್ರಿಗೆ ಕೊರತೆಯಿಲ್ಲ. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ಹೆಲಿನೆಟ್ ಇದೆ, ಲೇಖನಗಳನ್ನು ಉಚಿತವಾಗಿ ಪೂರ್ತಿ ಓದಬಹುದಾದ ಪಬ್‌ಮೆಡ್ ಸೆಂಟ್ರಲ್ ಜಾಲತಾಣ ಇದೆ. ಇಲ್ಲದಿರುವುದು ಸಮಯ. ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುವವರಿಗೆ ವಾರಕ್ಕೆ ಅರ್ಧ ದಿನವನ್ನಾದರೂ ಓದಿಗೆ ಬಿಟ್ಟುಕೊಡಿ ಎಂದು ಕಾಲೇಜುಗಳನ್ನು ಕೇಳಿಕೊಳ್ಳುತ್ತೇನೆ.