ಯಾರಿಗೂ ಹೇಳಬೇಡಿ, ಬೇಗ ಹೇಳಿ

ಇನ್ನೊಬ್ಬ ನಿವೃತ್ತರು ಪೊಲೀಸರ ಸೋಗಿನ ವಿಡಿಯೊ ಕರೆಗೆ ಹೆದರಿ ‘ಡಿಜಿಟಲ್ ಅರೆಸ್ಟ್’ ಆಗಿ, ದುಡ್ಡು ಕಳೆದುಕೊಂಡ ಸುದ್ದಿಯನ್ನು ನೀವೂ ಓದಿರುತ್ತೀರಿ. ಇಂಥ ಸುದ್ದಿಯ ಬಾಲಕ್ಕೆ ಒಂದು ಉಪದೇಶ ಕಟ್ಟಿಯೇ ಇರುತ್ತದೆ: ಹಿರಿಯರು ಓಟಿಪಿಯನ್ನು ಯಾರಿಗೂ ಹೇಳಬಾರದು.

ಮೂಡಿಗೆರೆ ಹತ್ತಿರದ ನಮ್ಮ ದೊಡ್ಡಪ್ಪ ಇದನ್ನು ವೇದವಾಕ್ಯವೆಂದು ಹಿಡಿದುಕೊಂಡಿದ್ದಾರೆ. ಮೊನ್ನೆ ಅವರು ತರಿಸಿದ ಚಪ್ಪಲಿ ಹೊತ್ತು, ಜಿಟಿಜಿಟಿ ಮಳೆಯಲ್ಲಿ ಒಬ್ಬ ಹುಡುಗ ತೋಟದ ಗೇಟಿಗೆ ಬಂದ.

‘ಅಜ್ಜ, ಓಟಿಪಿ ಹೇಳಿ.’

‘ಹೇಳುವುದಿಲ್ಲ.’

‘ಹೇಳದಿದ್ದರೆ ಪಾರ್ಸೆಲ್ ಕೊಡುವ ಹಾಗಿಲ್ಲ.’

‘ನಿನ್ನಂಥವರನ್ನು ಪೇಪರಿನಲ್ಲಿ ಬಹಳ ನೋಡಿದ್ದೇನೆ.’

ಅರ್ಧ ಗಂಟೆಯ ಈ ಸಂಧಾನವನ್ನು ದೊಡ್ಡಮ್ಮ ಕಾಫಿ ಕೊಟ್ಟು ಮುಗಿಸಿದರು. ಆಮೇಲೆ ದೊಡ್ಡಪ್ಪ ವಿಮರ್ಶೆ ಬರೆದರು: ‘ಹುಡುಗ ಒಳ್ಳೆಯವನು. ಚಪ್ಪಲಿ ಕಚ್ಚುತ್ತದೆ.’ ಐದು ನಕ್ಷತ್ರ.

ಕಾಫಿ ಎಂದೆನಲ್ಲ, ಆ ಪುಡಿಯೂ ಆನ್‌ಲೈನಿನದೇ. ಬಾಬಾಬುಡನ್ ಏಳು ಬೀಜ ತಂದು ನೆಟ್ಟರು ಎಂಬ ಪ್ರತೀತಿಯ ಸೀಮೆ ನಮ್ಮದು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂತು. ಸುಗ್ಗಿಯಲ್ಲಿ ಮನೆಯ ಕಣದ ತುಂಬ ಕಾಫಿ ಹಣ್ಣು ಒಣಗುತ್ತದೆ. ದೊಡ್ಡಪ್ಪ ಮಾತ್ರ ಬೆಂಗಳೂರಿನ ಗೋದಾಮಿನಿಂದ ‘ಅಸಲಿ ಮಲೆನಾಡಿನ ಘಮ’ ತರಿಸುತ್ತಾರೆ. ಪೊಟ್ಟಣದ ಹಿಂದೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ, ಚಿಕೋರಿ ಶೇ 40 ಎಂದಿದೆ. ಅವರಿಗೆ ಅದು ಕಾಣಿಸಲಿಲ್ಲ, ರಿಯಾಯಿತಿ ಕಾಣಿಸಿತು. ಅವರೇ ಮಾರಿದ ಬೀಜ ಬೆಂಗಳೂರು ನೋಡಿಕೊಂಡು, ಚಿಕೋರಿಯ ನಂಟಸ್ತಿಕೆ ಬೆಳೆಸಿಕೊಂಡು ತವರಿಗೆ ಬಂದಿದೆ ಎಂದು ನನ್ನ ಗುಮಾನಿ.

ಇನ್ನು ನವೆಂಬರ್. ಪಿಂಚಣಿದಾರರು ತಾವು ಬದುಕಿದ್ದೇವೆಂದು ರುಜುವಾತು ಮಾಡುವ ತಿಂಗಳು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂತು, ಬೆರಳು ಒತ್ತಿದರೆ ಸಾಕಿತ್ತು. 2021ರಿಂದ ಅದೂ ಬೇಡ, ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರಾಯಿತು. ಎಂಥ ಸೌಕರ್ಯ! ನಮ್ಮಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ. ಎಪ್ಪತ್ತೆಂಟರ ದೊಡ್ಡಪ್ಪ ಏಣಿ ಹತ್ತಿ, ಬದುಕಿರುವುದನ್ನು ತೋರಿಸಲು ಜೀವವನ್ನೇ ಪಣಕ್ಕಿಟ್ಟು, ಆಕಾಶಕ್ಕೆ ಕಣ್ಣು ಹೊಡೆದರು. ಕೆಳಗೆ ಏಣಿ ಹಿಡಿದಿದ್ದ ದೊಡ್ಡಮ್ಮ, ‘ಈ ವಯಸ್ಸಿನಲ್ಲಿ!’ ಎಂದರು.

ನಗು ಸಾಕು. ಪಾಸ್‌ಬುಕ್ ಹಿಡಿದು ಕೌಂಟರಿನ ಮುಂದೆ ನಿಂತವರನ್ನು ‘ಮೊಬೈಲಿನಲ್ಲೇ ಮಾಡಿಕೊಳ್ಳಿ’ ಎಂದು ಅಟ್ಟಿದವರು ಯಾರು? ತಲೆ ಎತ್ತಿ ಎರಡು ಮಾತು ಹೇಳಲು ಪುರುಸೊತ್ತಿಲ್ಲದವರು, ದುಡ್ಡು ಹೋದ ಮೇಲೆ ‘ಓದಿದವರಾಗಿ ಓಟಿಪಿ ಯಾಕೆ ಕೊಟ್ಟಿರಿ’ ಎಂದು ಗದರಿಸಲು ಮಾತ್ರ ಕುರ್ಚಿ ಬಿಟ್ಟು ಏಳುತ್ತಾರೆ. ದಿನಕ್ಕೆ ಹತ್ತು ಕಡೆ ಓಟಿಪಿ ಕೇಳುವ ಲೋಕ ಕಟ್ಟಿದ್ದು ಆ ಮುದುಕರಲ್ಲ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಸರಿ. ಅದಕ್ಕೂ ಟ್ಯಾಂಕ್ ಹತ್ತಬೇಕು.

ನಿನ್ನೆ ಚಪ್ಪಲಿ ವಾಪಸ್ ಒಯ್ಯಲು ಅದೇ ಹುಡುಗ ಬಂದಿದ್ದ. ಅದಕ್ಕೂ ಓಟಿಪಿಯಂತೆ. ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟರು.