ಇವತ್ತು ಎಷ್ಟು ಡಿಗ್ರಿ?

"ಇವತ್ತ ಎಷ್ಟ ಡಿಗ್ರಿ ಐತ್ರಿ ಅಕ್ಕೋರೇ?"

ಎದುರು ಮನೆಯಾಕೆ ರಸ್ತೆಯ ಆ ಕಡೆಯಿಂದ ಕೇಳಿದರು. ಏಪ್ರಿಲ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ. ನಾನು ವಾಕರ್ ಹಿಡಿದು ಪಡಸಾಲೆಯಲ್ಲಿ ಐದನೇ ಸುತ್ತು ಮುಗಿಸುತ್ತಿದ್ದೆ.

"ಅರವತ್ತೆಂಟು" ಅಂದೆ.

"ಅಯ್ಯ ಶಿವನ! ಅದಕ್ಕ ಹಿಂಗ ಕುದಿಯಾಕ ಹತ್ತೈತಿ" ಅಂತ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ಕೇಳಿದ್ದು ಕೊಪ್ಪಳದ ಬಿಸಿಲಿನ ಲೆಕ್ಕ. ನಾನು ಹೇಳಿದ್ದು ನನ್ನ ಬಲ ಮೊಳಕಾಲು ಮಡಚುವ ಲೆಕ್ಕ. ತಿದ್ದಬಹುದಿತ್ತು. ಆದರೆ ವಾಕರ್ ತಿರುಗಿಸಿಕೊಂಡು ನಾನು ಹೊಸ್ತಿಲು ಮುಟ್ಟುವ ಹೊತ್ತಿಗೆ ಸುದ್ದಿ ಓಣಿ ದಾಟಿರುತ್ತದೆ ಅಂತ ಸುಮ್ನಾದೆ.

ಆಗ ನಮ್ಮ ಮನೆಯಲ್ಲಿ ಡಿಗ್ರಿ ಅಂದರೆ ಒಂದೇ ಅರ್ಥ. ಬಿಸಿಲು 40 ದಾಟಿದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೊಳಕಾಲು 70 ದಾಟಲಿಲ್ಲವಲ್ಲ ಅನ್ನೋದೇ ಎಲ್ಲರ ಚಿಂತೆ. ಮೂವತ್ಮೂರು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. 90ಕ್ಕಿಂತ ಕಡಿಮೆ ಇದ್ದರೆ ಲಘುಕೋನ, ಸರಿಯಾಗಿ 90 ಇದ್ದರೆ ಲಂಬಕೋನ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಲಘುಕೋನದಿಂದ ಲಂಬಕೋನಕ್ಕೆ ಹೋಗುವಾಗ ಕಣ್ಣಲ್ಲಿ ನೀರು ಬರುತ್ತದೆ ಅಂತ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಮೊಳಕಾಲು ಕೆಟ್ಟ ಕಥೆ ಉದ್ದ ಇದೆ, ಚಿಕ್ಕದು ಮಾಡುತ್ತೇನೆ. ನಿವೃತ್ತಿಯಾದ ವರ್ಷ ಅಂಜನಾದ್ರಿಯ ಹನುಮಪ್ಪನಿಗೆ ಹರಕೆ ತೀರಿಸಲು ಹೋಗಿದ್ದೆ. ಆನೆಗೊಂದಿ ಹತ್ತಿರದ ಆ ಬೆಟ್ಟಕ್ಕೆ 575 ಮೆಟ್ಟಿಲು. ಹತ್ತುವಾಗ ಹನುಮಪ್ಪನೇ ಎತ್ತಿಕೊಂಡು ಹೋದ ಹಾಗಿತ್ತು. ಇಳಿಯುವಾಗ ಕೈಬಿಟ್ಟ. ಮೆಟ್ಟಿಲು ಇಳಿಯುವಾಗ ಒಂದೊಂದು ಹೆಜ್ಜೆಗೂ ಮೊಳಕಾಲಿನ ಮೇಲೆ ನಮ್ಮ ತೂಕದ ಮೂರು ಪಟ್ಟಿಗಿಂತ ಜಾಸ್ತಿ ಭಾರ ಬೀಳುತ್ತದಂತೆ. ನನ್ನ ತೂಕ ಹೇಳುವುದಿಲ್ಲ. ಅದನ್ನು ಮೂರರಿಂದ ಗುಣಿಸಿ, ಮತ್ತೆ 575ರಿಂದ ಗುಣಿಸಿದರೆ ಏಳೆಂಟು ಲಾರಿ ಗಂಗಾವತಿ ಅಕ್ಕಿಯಷ್ಟಾಗುತ್ತದೆ. ಲಾರಿಗೆ ಎಷ್ಟು ಟನ್ ಅಂತ ಮಾತ್ರ ಕೇಳಬೇಡಿ, ಉತ್ತರ ಸಿಕ್ಕಿಬಿಡುತ್ತದೆ.

ಆಮೇಲೆ ನಾಲ್ಕು ವರ್ಷ ಎಣ್ಣೆ, ಎಕ್ಕೆ ಎಲೆ, ಮಾತ್ರೆ. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಎರಡು ಎಲುಬಿನ ನಡುವೆ ಗ್ಯಾಪೇ ಉಳಿದಿಲ್ಲ, ಕೀಲೇ ಬದಲಿಸಬೇಕು" ಅಂದರು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಕಾಲು ಮರಗಟ್ಟಿತ್ತು, ಕಿವಿ ಮರಗಟ್ಟಿರಲಿಲ್ಲ. ಗರಗಸದ ಸದ್ದು ಕೇಳಿಸಿತು. ಸುತ್ತಿಗೆ ಸದ್ದು ಕೇಳಿಸಿತು. ಪರದೆಯ ಆ ಕಡೆ ಯಾರೋ ಬಾಗಿಲ ಚೌಕಟ್ಟು ಕೂರಿಸುತ್ತಿದ್ದಾರೆ ಅಂದುಕೊಂಡು ಮಲಗಿದ್ದೆ. ಕೂರಿಸುತ್ತಿದ್ದದ್ದು ನನ್ನನ್ನೇ.

ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ನಾಲ್ಕನೇ ದಿನ ಮನೆಗೆ ಕಳಿಸಿದರು. ಹೊರಡುವ ಮುಂಚೆ ನರ್ಸು ಒಂದು ಮಾತು ಬಾಯಿಪಾಠ ಮಾಡಿಸಿದಳು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇದರಲ್ಲಿ ತಪ್ಪಬಾರದು.

ನೂರು ಚಿಲ್ಲರೆ ಕಿಲೋಮೀಟರ್ ಕಾರಿನಲ್ಲಿ ಬಂದು ಮನೆ ಮುಂದೆ ಇಳಿದೆ. ಬಾಗಿಲಲ್ಲಿ ನಮ್ಮತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ವಯಸ್ಸು ಎಂಬತ್ತೆಂಟು. ನಾನು ವಾಕರ್ ಊರಿ, ಬಾಯಿಪಾಠ ನೆನಪಿಸಿಕೊಂಡು, ಎಡಗಾಲು ಎತ್ತಿದೆ.

"ಹಾಂ! ಎಡಗಾಲ ಇಟ್ಟ ಮನಿ ಹೊಗ್ತಿಯೇನ? ಬಲಗಾಲ ಇಡು."

"ಅತ್ತಿ, ಆಪರೇಷನ್ ಆಗಿದ್ದು ಬಲಗಾಲಿಗೇ. ಹತ್ತುವಾಗ ಅದನ್ನ ಮೊದಲು ಇಡಂಗಿಲ್ಲಂತ."

"ಮದುವಿ ಆಗಿ ಬಂದಾಗ ಬಲಗಾಲಿಟ್ಟ ಬಂದೀ. ದವಾಖಾನಿಯಿಂದ ಬರುವಾಗ ಎಡಗಾಲೇನ?"

ನಾನು ಒಂದು ಕಾಲ ಮೇಲೆ ನಿಂತಿದ್ದೆ, ಕೊಕ್ಕರೆಯ ಹಾಗೆ. ಬಿಸಿಲು ನೆತ್ತಿ ಸುಡುತ್ತಿತ್ತು. ಆರತಿಯ ಕರ್ಪೂರ ಉರಿದು ಮುಗಿಯುತ್ತಾ ಬಂತು. ಹಿಂದೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮನೆಯವರು ಹುಬ್ಬಳ್ಳಿಗೆ ಫೋನ್ ಮಾಡಿ ಕೇಳಲೇ ಅಂತ ಮೊಬೈಲ್ ತೆಗೆದರು. ಕೊನೆಗೆ ತೀರ್ಪು ಕೊಟ್ಟದ್ದು ಅತ್ತೆಯೇ. ಅವರು ವಾಕರನ್ನು ಮೇಲಿಂದ ಕೆಳಗೆ ನೋಡಿದರು.

"ಇದಕ್ಕ ನಾಕ ಕಾಲ ಅದಾವಲ್ಲ. ಇದರ ಬಲಗಾಲ ಮೊದಲ ಹೊಸ್ತಿಲ ದಾಟ್ಲಿ. ನಿಂದು ಯಾವುದಾರ ಬರ್ಲಿ."

ಹೀಗೆ ವಾಕರ್ ನಮ್ಮ ಮನೆಗೆ ಶಾಸ್ತ್ರೋಕ್ತವಾಗಿ ಗೃಹಪ್ರವೇಶ ಮಾಡಿತು. ಅದರ ಕಾಲಿಗೆ ಅರಿಶಿನ ಕುಂಕುಮವೂ ಬಿತ್ತು.

ಮರುದಿನ ಫಿಜಿಯೋಥೆರಪಿ ಹುಡುಗ ಬಂದ. ಚೀಲದಿಂದ ದೊಡ್ಡ ಪ್ಲಾಸ್ಟಿಕ್ ಕೋನಮಾಪಕ ತೆಗೆದು ಮೊಳಕಾಲಿನ ಪಕ್ಕ ಇಟ್ಟ. "ಕಾಲ ನೆಟ್ಟಗ ಚಾಚ್ರಿ ಅಕ್ಕೋರೇ. ಸೊನ್ನಿ ಬರಬೇಕು."

"ನೆಟ್ಟಗಿದ್ರೆ ಸೊನ್ನೆ ಹೆಂಗಪ್ಪಾ? ಅದು ಸರಳಕೋನ. ನೂರಾ ಎಂಬತ್ತು."

"ಮೊಳಕಾಲಿಗೆ ಸೊನ್ನಿರಿ."

ಮಡಚಿಸಿದ. ಜೀವ ಬಾಯಿಗೆ ಬಂತು. "ಅರವತ್ತೆಂಟು" ಅಂದ. ನನ್ನ ಲೆಕ್ಕದಲ್ಲಿ ಅದು 112. ವಿಶಾಲಕೋನ, ಪಾಸು. ಅವನ ಲೆಕ್ಕದಲ್ಲಿ ನಪಾಸು. 90 ಬಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರಬಹುದು, 110 ಬಂದರೆ ಮೆಟ್ಟಿಲು, ಬಸ್ಸು, ಎಲ್ಲಾ ಸಲೀಸು ಅಂತ ವಿವರಿಸಿದ. ತಡ ಮಾಡಿದರೆ ಗಾಯದ ಒಳಗೆ ಬಿಗಿತ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಕಷ್ಟ ಅಂತಲೂ ಹೆದರಿಸಿದ.

ಓಣಿಯವರೆಲ್ಲ ನನ್ನನ್ನು ಅಕ್ಕೋರು, ಅಂದರೆ ಟೀಚರು, ಅಂತಲೇ ಕರೆಯೋದು. ಇವನೂ ಹಾಗೇ ಕರೆದ, ಅದರಲ್ಲೇನಿಲ್ಲ. ಆದರೆ ಇವನ ಎಡ ಹುಬ್ಬಿನ ಮೇಲೆ ಒಂದು ಗೀರು ಇತ್ತು. ಅದನ್ನು ನೋಡಿದ್ದೇ ನನ್ನ ಎದೆ ಧಸಕ್ಕೆಂದಿತು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ಹುಬ್ಬಿನ ಮೇಲೆ ಗೀರು. "ಲಂಬಕೋನ ಎಷ್ಟು ಡಿಗ್ರಿ?" ಅಂತ ಕೇಳಿದರೆ ಎದ್ದು ನಿಂತು, "ನಿನ್ನಿ ತೊಂಬತ್ತ ಇತ್ರಿ ಅಕ್ಕೋರೇ, ಇವತ್ತ ನೋಡಿಲ್ಲ" ಅಂದಿದ್ದ. ಕ್ಲಾಸೆಲ್ಲ ನಕ್ಕಿತ್ತು. ನನಗೂ ನಗು ಬಂದಿತ್ತು, ಅದಕ್ಕೇ ಸಿಟ್ಟು ಜಾಸ್ತಿ ಬಂದಿತ್ತು. ಹೊರಗೆ ಮೊಳಕಾಲೂರಿ ನಿಲ್ಲಿಸಿದೆ. ಒಂದು ಪಿರಿಯಡ್ ಅಂತ ಹೇಳಿದ್ದೆ. ಮರೆತುಬಿಟ್ಟೆ. ಊಟದ ಗಂಟೆ ಹೊಡೆದಾಗ ನೋಡಿದರೆ ಹುಡುಗ ಅಲ್ಲೇ ಇದ್ದ.

ಈಗ ಅವನ ಕೈಯಲ್ಲಿ ನನ್ನ ಮೊಳಕಾಲು.

ಆ ದಿನದಿಂದ ಅವನು ಮಾಡಿದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಮೊಳಕಾಲಿನ ಕೆಳಗೆ ಟವೆಲ್ ಸುತ್ತಿಟ್ಟು, "ಕೆಳಗ ಒತ್ತಿ ಹಿಡೀರಿ, ಹತ್ತು ಎಣಿಸ್ತೀನಿ" ಅನ್ನುತ್ತಿದ್ದ. ಒಂದರಿಂದ ಏಳರವರೆಗೆ ಸರಿಯಾಗಿ ಎಣಿಸುತ್ತಿದ್ದ. ಎಂಟು ಅಂದಮೇಲೆ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದ. "ಎಂಟಾದ ಮೇಲೆ ಒಂಬತ್ತು" ಅಂತ ನಾನು ನೆನಪಿಸಬೇಕಾಗುತ್ತಿತ್ತು. ರಾತ್ರಿ ಅತ್ತೆ ಪಾಪ ಅಂತ ಮೊಳಕಾಲಿನ ಕೆಳಗೆ ಮೆತ್ತನೆಯ ದಿಂಬು ಇಟ್ಟಿದ್ದರೆ, ಇವನು ಬಂದ ತಕ್ಷಣ ಅದನ್ನು ಎಳೆದು ಹಾಕುತ್ತಿದ್ದ. ದಿಂಬಿಟ್ಟರೆ ಹಾಯಾಗಿರುತ್ತದೆ, ಆದರೆ ಕಾಲು ಡೊಂಕಾಗೇ ಉಳಿದು ನೆಟ್ಟಗಾಗುವುದಿಲ್ಲವಂತೆ. ಕಾರಣ ಸರಿ. ಆದರೆ ಎಳೆಯುವಾಗ ಅವನ ಮುಖದಲ್ಲಿ ಒಂದು ಸಣ್ಣ ನಗೆ ಇತ್ತು. ನಾನು ನೋಡಿದ್ದೇನೆ.

ಹಗಲು ಪೂರ್ತಿ ನೋಡಲು ಬರುವವರು. ಬಾಳೆಹಣ್ಣು ತರುವವರು, ಬಿಸ್ಕೀಟು ತರುವವರು, ಸಲಹೆ ಮಾತ್ರ ತರುವವರು. "ಚಿಪ್ಪು ಬದಲಿ ಮಾಡಿದ್ರಂತ?" ಅನ್ನೋದು ಮೊದಲ ಪ್ರಶ್ನೆ. ಇಲ್ಲ, ಚಿಪ್ಪು ನನ್ನದೇ ಇದೆ ಅಂದರೆ ನಂಬುವುದಿಲ್ಲ. ತೊಡೆ ಎಲುಬಿನ ತುದಿ ಕೆತ್ತಿ ಕೋಬಾಲ್ಟ್ ಕ್ರೋಮಿಯಂನ ಟೊಪ್ಪಿಗೆ ಹಾಕಿದ್ದಾರೆ, ಕೆಳಗಿನ ಎಲುಬಿಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಅಂತ ಬೋರ್ಡಿಲ್ಲದೆ ಪಾಠ ಮಾಡಬೇಕಾಗುತ್ತಿತ್ತು. ಎರಡನೇ ಪ್ರಶ್ನೆ ಬೆಲೆ. ಅದಕ್ಕೆ ಮನೆಯವರೇ ಉತ್ತರಿಸುತ್ತಿದ್ದರು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ಲೋಹದ ಕೀಲಿಗೆ ಬೆಲೆ ಮಿತಿ ಹಾಕಿತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂನದಕ್ಕೆ ಆಗ 54,720 ರೂಪಾಯಿ ಅಂತ ಶುರು ಮಾಡಿದರೆ, ಜಿಎಸ್‌ಟಿವರೆಗೂ ಹೋಗಿಯೇ ನಿಲ್ಲುತ್ತಿದ್ದರು. ಮೂರನೆಯದು ಬೇರೆ ಬೇರೆ. "ಮಳಿಗಾಲದಾಗ ತುಕ್ಕ ಹಿಡೀತದೇನ್ರಿ?" "ಸಿಡ್ಲ ಬಂದ್ರ ಇದಕ್ಕ ಹೊಡಿತದೇನ್ರಿ?" ನಮ್ಮ ಸೋದರತ್ತೆಯ ಮಗ ಒಬ್ಬ ಎಲ್ಲಾ ಕೇಳಿ ತಲೆ ಆಡಿಸಿ, "ಕಿನ್ನಾಳಕ್ಕ ಹೋಗಿದ್ರ ಕಟಿಗಿದು ಮಾಡಿ, ಬಣ್ಣಾನೂ ಹಚ್ಚಿ ಕೊಡ್ತಿದ್ರಲ್ಲ ವೈನಿ" ಅಂದ. ಕಿನ್ನಾಳದ ಗೊಂಬೆ ಮಾಡುವವರು ಹುಣಸೆಬೀಜದ ಅಂಟು ಹಾಕುತ್ತಾರೆ. ನನಗೆ ಹಾಕಿದ್ದು ಅಕ್ರಿಲಿಕ್ ಸಿಮೆಂಟು. ಹಲ್ಲಿನ ಸೆಟ್ಟಿನ ಗುಲಾಬಿ ಭಾಗ ಮಾಡುವುದೂ ಅದೇ ಜಾತಿಯ ವಸ್ತುವಿನಿಂದಲೇ. ಇದು ಗೊತ್ತಾದ ದಿನ ಮನೆಯವರು ತಮ್ಮ ಹಲ್ಲಿನ ಸೆಟ್ಟು ತೆಗೆದು ತೋರಿಸಿ, "ಮೂವತ್ತೆಂಟು ವರ್ಷ ಆದಮೇಲೆ ಇಬ್ಬರಿಗೂ ಒಂದೇ ಸಿಮೆಂಟು" ಅಂದರು. ಅಷ್ಟು ಪ್ರೀತಿಯ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಸೆಟ್ಟು ಕೈಯಲ್ಲಿದ್ದದ್ದರಿಂದ ಅರ್ಧ ತಿಳಿಯಲಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೊಪ್ಪು ಸೋಸುತ್ತಿದ್ದರು. ಕೈ ಊರದೆ ಎದ್ದು ಹೋಗುತ್ತಿದ್ದರು. "ನಂದು ಎಂಬತ್ತೆಂಟ ವರ್ಷದ್ದು, ಇನ್ನೂ ಕಂಪನಿದ" ಅಂತ ಬಂದವರಿಗೆಲ್ಲ ಮೊಳಕಾಲು ತಟ್ಟಿ ತೋರಿಸುತ್ತಿದ್ದರು. ನನಗೆ ಮಾತ್ರ ನೆಲದ ಮೇಲೆ ಕೂರುವುದು ಬೇಡ ಅಂದಿದ್ದರು ಡಾಕ್ಟರು. ನಮ್ಮ ಕಡೆ ನೆಲ ಬಿಟ್ಟರೆ ಮನೆಯಲ್ಲಿ ಉಳಿಯುವುದೇನು ಹೇಳಿ? ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ, ರೊಟ್ಟಿ ತಟ್ಟುವುದು ನೆಲದ ಮೇಲೆ, ಜಗಳವೂ ನೆಲದ ಮೇಲೆ. ನಾನೊಬ್ಬಳೇ ಮೇಲೆ ಕುರ್ಚಿಯಲ್ಲಿ, ತಹಶೀಲ್ದಾರರ ಹಾಗೆ. ಕೆಳಗೆ ಕೂತವರ ನೆತ್ತಿಯಲ್ಲಿ ಎಷ್ಟು ಕೂದಲು ಉದುರಿದೆ ಅಂತ ನೋಡುತ್ತಾ ರೊಟ್ಟಿ ತಿನ್ನುತ್ತಿದ್ದೆ.

ಕುರ್ಚಿ ಅಂದಾಗ ನೆನಪಾಯಿತು. ನಮ್ಮದು ಹಳೇ ಮನೆ, ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಅದರ ಮೇಲೆ ಇಡಲು ನಡುವೆ ತೂತಿರುವ ಕಮೋಡ್ ಕುರ್ಚಿ ತರಿಸಿದ್ದೆವು. ಹೊಸದು, ಮುಚ್ಚಳ ಹಾಕಿ ಪಡಸಾಲೆಯಲ್ಲಿ ಇಟ್ಟಿದ್ದರು. ಅದೇ ಹೊತ್ತಿಗೆ ನಮ್ಮ ಶಾಲೆಯ ಹಳೇ ಹೆಡ್‌ಮಾಸ್ತರು ನೋಡಲು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸೇಬು. ಬೇರೆ ಕುರ್ಚಿಗಳೆಲ್ಲ ಖಾಲಿ ಇದ್ದವು. ಅವರು ನೇರ ಹೋಗಿ ಅದರ ಮೇಲೇ ಕೂತರು. ನಾನು ಮನೆಯವರ ಮುಖ ನೋಡಿದೆ. ಅವರು ಫ್ಯಾನ್ ನೋಡಿದರು. ಮಾಸ್ತರು ಬೆನ್ನು ಒರಗಿಸಿ, "ಆಹಾ, ಆಧಾರ ಛಲೋ ಐತಿ" ಅಂದರು.

ಒಳಗೆ ಇನ್ನೊಂದು ಅನಾಹುತ ನಡೆದಿತ್ತು. ಊತ ಇಳಿಯಲು ದಿನಕ್ಕೆ ಮೂರು ನಾಲ್ಕು ಸಲ ಐಸ್ ಇಡಬೇಕಿತ್ತು. ಕರೆಂಟು ಹೋಗಿ ಐಸ್ ಪ್ಯಾಕು ಕರಗಿದ್ದರಿಂದ, ಇನ್ನೂ ಗಟ್ಟಿ ಇದ್ದ ಹಾಲಿನ ಪಾಕೀಟನ್ನೇ ಟವೆಲ್ಲಿನಲ್ಲಿ ಸುತ್ತಿ ಮನೆಯವರು ನನ್ನ ಮೊಳಕಾಲಿಗೆ ಕಟ್ಟಿದ್ದರು. ಇಪ್ಪತ್ತು ನಿಮಿಷದ ನಂತರ ಬಿಚ್ಚಿ ಅಡುಗೆಮನೆ ಕಟ್ಟೆಯ ಮೇಲಿಟ್ಟಿದ್ದರು. ಸೊಸೆ ಅದನ್ನೇ ಕತ್ತರಿಸಿ ಚಹಾ ಮಾಡಿದಳು. ಮಾಸ್ತರು ಎರಡು ಕಪ್ಪು ಕುಡಿದರು. ಮರುದಿನ ಫೋನ್ ಮಾಡಿ, ಆ ಕುರ್ಚಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಮನೆಯವರು ಅಂಗಡಿಯ ನಂಬರ್ ಕೊಟ್ಟರು. ಮುಂದೇನಾಯಿತು ಅಂತ ಕೇಳುವ ಧೈರ್ಯ ನಮಗಿಲ್ಲ.

ಹಾಲಿನ ಲೆಕ್ಕ ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ದಿನದ ಹಾಲಿನ ಪಾಕೀಟು ಬರೆಯುವ ರೂಢಿ. 2, 2, 3, ಹೀಗೆ. ಮನೆಯವರು ಅದೇ ಚೌಕದಲ್ಲಿ ನನ್ನ ಡಿಗ್ರಿಯನ್ನೂ ಬರೆಯತೊಡಗಿದ್ದರು. ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡಿಂಗ್ ಬರೆದ ಕೈ, ಸುಮ್ಮನೆ ಕೂರುವುದಿಲ್ಲ. ತಿಂಗಳ ಕೊನೆಗೆ ಬೆಂಗಳೂರಿಂದ ಬಂದ ಮಗ ಹಾಲಿನ ದುಡ್ಡು ಕೊಡಲು ಕ್ಯಾಲೆಂಡರ್ ನೋಡಿ ಗಾಬರಿಯಾದ. "ಏನವ್ವಾ, ಹನ್ನೆರಡನೇ ತಾರೀಖು ಎಪ್ಪತ್ನಾಲ್ಕು ಪಾಕೀಟು?" ಹಾಲಿನ ಹುಡುಗ ಮಾತ್ರ ಒಳ್ಳೆಯವನು. ತಲೆ ಕೆರೆದುಕೊಂಡು, "ಅಷ್ಟ ಹಾಕಿಲ್ರಿ ಅಣ್ಣಾ" ಅಂದ.

ದಿನ ಕಳೆದಂತೆ 74 ಹೋಗಿ 82 ಆಯಿತು. 90 ಮುಟ್ಟಿದ ದಿನ ಅತ್ತೆ ಸಜ್ಜಕ ಮಾಡಿಸಿದರು. ಗಾಯದ ಹೊರಗಡೆ ಒಂದು ಅಂಗೈಯಷ್ಟು ಜಾಗ ಮಾತ್ರ ಮರಗಟ್ಟಿದ ಹಾಗೇ ಉಳಿದಿದೆ, ಸೊಳ್ಳೆ ಕಚ್ಚಿದರೂ ತಿಳಿಯುವುದಿಲ್ಲ. ಇದೊಂದು ಲಾಭ.

ಆರನೇ ವಾರದ ಕೊನೆಗೆ ಹುಡುಗ ಅಳೆದು, "ನೂರಾ ಹತ್ತು. ಇನ್ನ ನಾ ಬರೋದ ಬ್ಯಾಡ್ರಿ ಅಕ್ಕೋರೇ" ಅಂದ. ಕೋನಮಾಪಕ ಚೀಲಕ್ಕೆ ಹಾಕಿದ. ನನಗೆ ತಡೆಯಲಾಗಲಿಲ್ಲ.

"ತಮ್ಮಾ, ಅವತ್ತು ನಿನ್ನನ್ನು ಊಟದ ಗಂಟೆವರೆಗೆ ಮೊಳಕಾಲೂರಿ ನಿಲ್ಲಿಸಿದ್ದು ತಪ್ಪಾಯ್ತಪ್ಪಾ. ನಾನು ಮರೆತುಬಿಟ್ಟಿದ್ದೆ. ಬೇಕಂತ ಮಾಡಿದ್ದಲ್ಲ."

ಅವನು ಚೀಲದ ಜಿಪ್ಪು ಅರ್ಧ ಎಳೆದು ನನ್ನನ್ನೇ ನೋಡಿದ. "ಯಾವತ್ರಿ? ನಾ ಕಲ್ತಿದ್ದು ಯಲಬುರ್ಗಾದಾಗ್ರಿ. ಕೊಪ್ಪಳಕ್ಕ ಬಂದು ಎರಡ ವರ್ಷ ಆತು."

"ಮತ್ತೆ ಹುಬ್ಬಿನ ಮೇಲಿನ ಗೀರು?"

"ಹೋದ ವರ್ಷ ಬೈಕಿನಿಂದ ಬಿದ್ದಿದ್ದೆರಿ."

"ಹಂಗಾದ್ರೆ ಎಂಟಾದ ಮೇಲೆ ಒಂಬತ್ತು ಯಾಕೆ ತಡ ಮಾಡ್ತಿದ್ದಿ?"

"ಗಣಿತ ಮೊದಲಿಂದನೂ ಸ್ವಲ್ಪ ಕಷ್ಟರಿ" ಅಂತ ನಕ್ಕು ಹೊರಟುಹೋದ.

ಎಡ ಮೊಳಕಾಲಿನ ಎಕ್ಸ್‌ರೇ ಕೂಡ ತೆಗೆದಾಗಿದೆ. ಮುಂದಿನ ವರ್ಷ ಅದನ್ನೂ ಮಾಡಿಸಬೇಕು ಅಂದಿದ್ದಾರೆ ಡಾಕ್ಟರು. ಆ ಹಿಂದಿನ ಬೆಂಚಿನ ಹುಡುಗ ಮುಂದೆ ಏನು ಓದಿದ, ಈಗ ಎಲ್ಲಿದ್ದಾನೆ ಅಂತ ಸ್ವಲ್ಪ ವಿಚಾರಿಸಿ ಇಡಲು ಮನೆಯವರಿಗೆ ಹೇಳಿದ್ದೇನೆ.