ಸಮೋಸ ಕರಿಯುವವರು ದುವಾ ಯಾವಾಗ ಮಾಡಬೇಕು?

2025ರಲ್ಲಿ ನಾನು ಹಿಡಿದದ್ದು 30 ರೋಜಾ, ಅಂದರೆ ಉಪವಾಸ, ಮೈಸೂರಿನಲ್ಲಿ ಅಮ್ಮಿ ಹಿಡಿದದ್ದು 29. ಲೆಕ್ಕ ತಪ್ಪಿದ್ದಲ್ಲ. ಸೌದಿಯಲ್ಲಿ ರಂಜಾನ್ ಮಾರ್ಚ್ 1ಕ್ಕೆ ಶುರುವಾಯಿತು, ನಮ್ಮೂರಲ್ಲಿ 2ಕ್ಕೆ. ನಾನು ಸೌದಿಯ ದಮ್ಮಾಮ್‌ನಲ್ಲಿ 19 ಮುಗಿಸಿ, ರಜೆ ಹಾಕಿ, ಮೈಸೂರಿನ ಉದಯಗಿರಿಯ ಮನೆಗೆ ಬಂದು, ಊರಿನವರ ಜೊತೆ 31ಕ್ಕೆ ಈದ್ ಮಾಡಿದೆ. ಒಂದೇ ತಿಂಗಳು ಎರಡು ಊರಲ್ಲಿ ಕಳೆದಾಗ, ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು ಆಗ ಕಂಡಿತು.

ರೋಜಾ ಕಡ್ಡಾಯ, ಅದರಲ್ಲಿ ಎಲ್ಲೂ ತಕರಾರಿಲ್ಲ. ಬೇರೆ ಬೇರೆ ಆಗುವುದು ಸುನ್ನತ್ ವಿಷಯದಲ್ಲಿ, ಅಂದರೆ ಪೈಗಂಬರರು ಮಾಡಿ ತೋರಿಸಿದ, ಮಾಡಿದರೆ ಸವಾಬ್ (ಪುಣ್ಯ) ಸಿಗುವ ಕೆಲಸಗಳಲ್ಲಿ. ತರಾವೀಹ್, ಅಂದರೆ ರಂಜಾನ್ ರಾತ್ರಿಯ ವಿಶೇಷ ನಮಾಜ್, ನಮ್ಮಲ್ಲಿ 20 ರಕಾತ್ (ನಮಾಜಿನ ಸುತ್ತು), ದಮ್ಮಾಮ್‌ನಲ್ಲಿ ನಾನು ಹೋಗುವ ಮಸೀದಿಯಲ್ಲಿ 8, ಮೇಲೆ ಕೊನೆಯ ವಿತ್ರ್ ನಮಾಜ್. ಈ 8-20ರ ಜಗಳಕ್ಕೆ ನಾನು ಬರುವುದಿಲ್ಲ. ಎರಡೂ ಮಾಡಿದ್ದೇನೆ, ವ್ಯತ್ಯಾಸ ಮಂಡಿಗೆ ಗೊತ್ತು. ಅಲ್ಲಿನ ಇಮಾಮ್ ಕೈಯಲ್ಲಿ ಖುರ್‌ಆನ್ ಹಿಡಿದು ನೋಡಿಕೊಂಡೇ ಓದುತ್ತಾರೆ ಅಂದಾಗ ಚಾಚಾ, "ಹಾಫಿಜ್ ಸಿಗಲ್ವಾ ಅವರಿಗೆ?" ಅಂದರು. ಹಾಫಿಜ್ ಅಂದರೆ ಇಡೀ ಖುರ್‌ಆನ್ ಬಾಯಿಪಾಠ ಇರುವವರು. ಹನಫಿ ಪಂಥದವರಾದ ನಮಗೆ ಹಾಗೆ ನೋಡಿ ಓದಿದರೆ ನಮಾಜೇ ಮುರಿಯುತ್ತದೆ.

ಸೆಹ್ರಿ, ಅಂದರೆ ನಸುಕಿನ ಊಟ, ತಡವಾಗಿ ಮುಗಿಸಬೇಕು, ಸಂಜೆ ರೋಜಾ ಬಿಡುವ ಇಫ್ತಾರ್ ಹೊತ್ತಾದ ಕೂಡಲೇ ಮಾಡಬೇಕು. ಇದು ಎಲ್ಲಕ್ಕಿಂತ ಸುಲಭದ ಸುನ್ನತ್, ಕಾಸು ಖರ್ಚಿಲ್ಲ. ಆದರೆ ಅಮ್ಮಿ ಟೈಮ್ ಆಗುವ ಹತ್ತು ನಿಮಿಷ ಮೊದಲೇ "ಸಾಕು, ನೀರು ಕುಡಿ" ಅಂತ ತಟ್ಟೆ ಎತ್ತುತ್ತಾರೆ. ಇನ್ನೂ ಟೈಮ್ ಇದೆ ಅಂತ ನಾನು ವಾದ ಮಾಡಿದೆ. ಪೈಗಂಬರರ ಸೆಹ್ರಿಗೂ ನಮಾಜಿಗೂ ನಡುವೆ ಖುರ್‌ಆನಿನ 50 ಆಯತ್ (ವಾಕ್ಯ) ಓದುವಷ್ಟು ಹೊತ್ತು ಇತ್ತು ಅನ್ನುವ ಹದೀಸ್, ಅಂದರೆ ಪೈಗಂಬರರ ನಡೆನುಡಿಯ ವರದಿ, ಚಾಚಾ ನೆನಪಿಸಿದರು. ಸುಮ್ಮನಾದೆ. ಅಮ್ಮಿಯ ಲೆಕ್ಕ ಅಷ್ಟೇನೂ ದೂರ ಇರಲಿಲ್ಲ.

ನನ್ನ ತಕರಾರು ಇರುವುದು ಇಫ್ತಾರ್‌ಗೆ ಮುಂಚಿನ ಒಂದು ಗಂಟೆಯ ಬಗ್ಗೆ. ರೋಜಾ ಬಿಡುವ ಹೊತ್ತಿನ ದುವಾ, ಅಂದರೆ ದೇವರಲ್ಲಿ ಬೇಡಿಕೆ, ತಳ್ಳಿಹೋಗುವುದಿಲ್ಲ ಅಂತ ಮೌಲಾನಾಗಳು ಪ್ರತಿ ಶುಕ್ರವಾರದ ಜುಮಾದಲ್ಲಿ ಹೇಳುತ್ತಾರೆ. ಸರಿ. ಆ ಹೊತ್ತಿಗೆ ನಮ್ಮ ಬೀದಿಯ ಗಂಡಸರೆಲ್ಲ ವುಜೂ ಮಾಡಿ (ಕೈಕಾಲು ಮುಖ ತೊಳೆದು), ಟೋಪಿ ಹಾಕಿ, ಖರ್ಜೂರದ ಮುಂದೆ ಕೈ ಎತ್ತಿ ಕೂತಿರುತ್ತಾರೆ. ಹೆಂಗಸರು ಎಲ್ಲಿರುತ್ತಾರೆ? ಬಾಣಲೆ ಮುಂದೆ. ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಒಳಗೆ ಹೋದವರು ಸಮೋಸ, ಬಜ್ಜಿ, ಶರಬತ್ತು, ಗಂಜಿ, ಹಣ್ಣು ಅಂತ ಓಡಾಡಿ, ಅಜಾನ್ ಆದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತೇ ಒಂದು ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಾರೆ. ಸುನ್ನತ್ ಅಂತ ಇರುವುದು ಖರ್ಜೂರ, ಅದಿಲ್ಲದಿದ್ದರೆ ನೀರು. ಸಮೋಸದ ಮಾತು ಯಾವ ಹದೀಸಿನಲ್ಲೂ ಇಲ್ಲ.

ದಮ್ಮಾಮ್‌ನಲ್ಲಿ ಎಲ್ಲ ಸರಿ ಇದೆ ಅಂತಲ್ಲ, ದೊಡ್ಡ ಮನೆಗಳಲ್ಲಿ ಇದೇ ಕೆಲಸ ಸಂಬಳದವರು ಮಾಡುತ್ತಾರೆ ಅಷ್ಟೇ. ಆದರೆ ನಮ್ಮಂಥ ಎರಡು ರೂಮಿನವರಿಗೆ ಒಂದು ಅನುಕೂಲ ಉಂಟು. ರಂಜಾನ್‌ನಲ್ಲಿ ನನಗೆ ಡ್ಯೂಟಿ 6 ಗಂಟೆ, ಬೇಗ ಬಂದು ನಾನೂ ಅಡುಗೆಗೆ ಕೈ ಹಾಕುತ್ತೇನೆ, ಇಫ್ತಾರ್‌ಗೆ ಕಾಲು ಗಂಟೆ ಇರುವಾಗ ನಾನೂ ಹೆಂಡತಿಯೂ ಇಬ್ಬರೂ ಕೂತಿರುತ್ತೇವೆ. ರಾತ್ರಿ ಮಸೀದಿಯಲ್ಲಿ ಹೆಂಗಸರಿಗೆ ಜಾಗ ಇದೆ, ಅವಳೂ ತರಾವೀಹ್‌ಗೆ ಬರುತ್ತಾಳೆ. ನಮ್ಮ ಬೀದಿಯಲ್ಲಿ ಹೆಂಗಸರ ತರಾವೀಹ್ ಮನೆಯಲ್ಲೇ, ಪಾತ್ರೆ ತೊಳೆದಾದ ಮೇಲೆ, ಕಣ್ಣು ಎಳೆಯುತ್ತಿರುವಾಗ.

ಇದನ್ನು ಹೇಳಿದರೆ ಒಂದು ಉತ್ತರ ರೆಡಿ ಇರುತ್ತದೆ. ರೋಜಾದವರಿಗೆ ಊಟ ಕೊಟ್ಟರೆ ಅವರಷ್ಟೇ ಸವಾಬ್, ಹೆಂಗಸರಿಗೆ ಅದು ಸಿಗುತ್ತದಲ್ಲ! ಹೌದು, ಸಿಗುತ್ತದೆ. ಅಷ್ಟು ಸುಲಭದ ಸವಾಬ್ ಗಂಡಸರಿಗೆ ಯಾಕೆ ಬೇಡ ಅಂತ ನಾನು ಕೇಳುವುದು.

ಇನ್ನು ಏತೆಕಾಫ್. ಕೊನೆಯ ಹತ್ತು ದಿನ ಎಲ್ಲ ಬಿಟ್ಟು ಮಸೀದಿಯಲ್ಲಿ ಕೂರುವುದು. ದಮ್ಮಾಮ್‌ನಲ್ಲಿ ಮೊದಲೇ ಹೆಸರು ಕೊಡಬೇಕು. ನಮ್ಮಲ್ಲಿ ಮೊಹಲ್ಲಾದಿಂದ ಒಬ್ಬರಾದರೂ ಕೂರಲೇಬೇಕು, ಯಾರೂ ಕೂರದಿದ್ದರೆ ತಪ್ಪು ಎಲ್ಲರ ಮೇಲೆ. ಪ್ರತಿ ವರ್ಷ ರಿಟೈರ್ ಆದ ಹಿರಿಯರೊಬ್ಬರು ಕೂರುತ್ತಾರೆ, ಇಡೀ ಬೀದಿ ನಿರಾಳ. ಹೆಂಗಸರು ಮನೆಯಲ್ಲೇ ನಮಾಜಿನ ಜಾಗದಲ್ಲಿ ಕೂರಬಹುದು ಅಂತ ಹನಫಿ ಮತ ಹೇಳುತ್ತದೆ. ಅಮ್ಮಿಗೆ 60 ದಾಟಿದೆ, ಒಮ್ಮೆಯೂ ಕೂತಿಲ್ಲ. ಯಾಕೆ ಅಂದೆ. "ನಾನು ಕೂತ್ರೆ ಅಡುಗೆ ಯಾರು ಮಾಡ್ತಾರೆ?"

ನಾನೂ ತಮ್ಮನೂ ಮಾಡುತ್ತೇವೆ ಅಂದೆವು. ಅವನ ಹೆಂಡತಿಗೆ ಅಡುಗೆಮನೆಗೆ ಬರಲೇಬೇಡ ಅಂದೆವು. 20ನೇ ರೋಜಾ ಸಂಜೆ ಮೂಲೆಯಲ್ಲಿ ಹಗ್ಗಕ್ಕೆ ಹಳೇ ಸೀರೆ ಕಟ್ಟಿ ಅಮ್ಮಿ ಒಳಗೆ ಕೂತರು. ಮೊದಲೆರಡು ದಿನ ಸೀರೆ ಹಿಂದಿನಿಂದಲೇ "ಎಣ್ಣೆ ಸುಡ್ತಾ ಇದೆ" ಅಂತ ಕೂಗು. ಐದನೇ ದಿನಕ್ಕೆ ನಾವು ಸಮೋಸ ಕೈಬಿಟ್ಟೆವು. ಖರ್ಜೂರ, ಕಲ್ಲಂಗಡಿ, ಮಸೀದಿಯಿಂದ ಡಬ್ಬಿಯಲ್ಲಿ ತಂದ ಗಂಜಿ, ಅಷ್ಟೇ. ಚಾಚಾ ಮುಖ ಸ್ವಲ್ಪ ಸಪ್ಪಗಾಯಿತು, ಬೇರೇನೂ ಆಗಲಿಲ್ಲ.

ಈದ್ ಚಂದ್ರ ಕಂಡ ರಾತ್ರಿ ಅಮ್ಮಿ ಎದ್ದು ಬಂದು ಮೊದಲು ನೋಡಿದ್ದು ಬಾಣಲೆಯನ್ನು. ತಳ ಹತ್ತಿಸಿದ್ದಕ್ಕೆ ಇಬ್ಬರಿಗೂ ಬೈಗುಳ. ತಮ್ಮನ ಹೆಂಡತಿ ಸೀರೆ ಬಿಚ್ಚಿ ಮಡಿಸುತ್ತಾ, "ಮುಂದಿನ ವರ್ಷ ನಾನು ಕೂರ್ತೀನಿ" ಅಂದಳು. ತಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.